ಹೊರದೇಶದ ನೌಕರಿಗೆ ಹೊರಡುವವರಿಗಾಗಿ ಕುಶಾಲನಗರದ ಒಂದು ಸಲಹಾ ಕಚೇರಿ: ಮೂರು ಭೇಟಿಗಳ ನಂತರ

ಇರಾಕಿನ ಬಸ್ರಾದಲ್ಲಿ ಕ್ಯಾಂಪ್ ಅಡುಗೆಮನೆಯ ಮೇಲ್ವಿಚಾರಕನ ಕೆಲಸ ಸಿಕ್ಕಿದೆಯೆಂದು ನನ್ನ ಅಕ್ಕನ ಮಗ ಹೇಳಿದ್ದು ಈ ಸಲ ಹೂಮಳೆ ಬಿದ್ದ ವಾರದಲ್ಲಿ. ಮಾದಾಪುರದ ಕಡೆ ಅವರಿಗಿದ್ದ ಕಾಫಿ ತೋಟದ ಒಂದು ಪಾಲು 2018ರ ಆಗಸ್ಟ್ ತಿಂಗಳ ಭೂಕುಸಿತದಲ್ಲಿ ಕೊಚ್ಚಿಹೋದ ಮೇಲೆ ಹುಡುಗ ಮಡಿಕೇರಿಯ ಹೋಂಸ್ಟೇಗಳಲ್ಲಿ ಅಡುಗೆ ಮಾಡಿಕೊಂಡು ಮನೆ ನಡೆಸಿದವನು. ಅವನು ಹೊರದೇಶದ ಸಂಬಳಕ್ಕೆ ಆಸೆಪಟ್ಟದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದ ನನಗೆ ಬಸ್ರಾ ಎಂಬ ಹೆಸರು ಕೇಳಿದ ಕೂಡಲೇ 2003 ಮತ್ತು 2004ರ ಪತ್ರಿಕೆಗಳು ಕಣ್ಣ ಮುಂದೆ ಬಂದವು. ಅಕ್ಕನಿಗೆ ಧೈರ್ಯ ಹೇಳುವ ಮೊದಲು ನನ್ನ ಮನಸ್ಸಿಗೇ ಸಮಾಧಾನ ಬೇಕಾಗಿತ್ತು. ಆಗ ಒಬ್ಬ ಹಳೆಯ ವಿದ್ಯಾರ್ಥಿ ಕುಶಾಲನಗರದ ಈ ಕಚೇರಿಯ ವಿಷಯ ತಿಳಿಸಿದ. ಮೂರು ಸಲ ಅಲ್ಲಿಗೆ ಹೋಗಿ ಬಂದ ಅನುಭವವನ್ನು, ಇಂಥ ನಿರ್ಧಾರದ ಮುಂದೆ ನಿಂತಿರುವ ಜಿಲ್ಲೆಯ ಇತರ ಕುಟುಂಬಗಳಿಗೆ ಉಪಯೋಗವಾಗಲೆಂದು ಸವಿಸ್ತಾರವಾಗಿ ಬರೆಯುತ್ತಿದ್ದೇನೆ.

ಕಚೇರಿಯೆಂದರೆ ಬಸ್ ನಿಲ್ದಾಣದಿಂದ ಐದು ನಿಮಿಷ ನಡೆದರೆ ಸಿಗುವ ಕಟ್ಟಡವೊಂದರ ಮೊದಲ ಮಹಡಿಯಲ್ಲಿರುವ ಒಂದೇ ಕೋಣೆ. ನಡೆಸುವವರು ನಿವೃತ್ತ ಸುಬೇದಾರರು. 1987ರ ನಂತರ ಶ್ರೀಲಂಕಾದ ಜಾಫ್ನಾದಲ್ಲಿ ಭಾರತೀಯ ಶಾಂತಿಪಾಲನಾ ಪಡೆಯಲ್ಲಿದ್ದು, 1993ರಲ್ಲಿ ವಿಶ್ವಸಂಸ್ಥೆಯ ಪಡೆಯೊಂದಿಗೆ ಸೊಮಾಲಿಯಾಕ್ಕೆ ಹೋಗಿ ಬಂದವರು. ಅವರು ಯಾರನ್ನೂ ಕೆಲಸಕ್ಕೆ ಕಳುಹಿಸುವುದಿಲ್ಲ, ವೀಸಾ ಮಾಡಿಸಿಕೊಡುವುದಿಲ್ಲ, ವಿಮೆಯನ್ನೂ ಮಾರುವುದಿಲ್ಲ. ಬೇರೆಯವರು ಕೊಟ್ಟ ಕಾಗದಗಳನ್ನು ಓದಿ, ಅವುಗಳ ಅರ್ಥವನ್ನು ಕನ್ನಡದಲ್ಲಿ ಬಿಡಿಸಿ ಹೇಳಿ, ಹೋಗುವ ದೇಶದ ಪರಿಸ್ಥಿತಿಯನ್ನು ವಿವರಿಸುವುದಷ್ಟೇ ಅವರ ಸೇವೆ. ಮೂರು ಭೇಟಿಗಳಿಗೆ ಒಟ್ಟು ಆರುನೂರು ರೂಪಾಯಿ ಶುಲ್ಕ. ಕೆಲಸ ಕೊಡಿಸುವವರಿಂದಾಗಲಿ ವಿಮೆ ಮಾರುವವರಿಂದಾಗಲಿ ದಲ್ಲಾಳಿ ಹಣ ತೆಗೆದುಕೊಳ್ಳುವುದಿಲ್ಲವೆಂದು ಮೊದಲೇ ಹೇಳಿಬಿಡುತ್ತಾರೆ. ಅವರ ಮಾತನ್ನು ನಾನು ನಂಬಲು ಮುಖ್ಯ ಕಾರಣ ಇದೇ ಆಗಿತ್ತು.

ಮೊದಲ ಭೇಟಿಯಲ್ಲಿ ಅವರು ಹುಡುಗನನ್ನು ಕೇಳಿದ ಮೊದಲ ಪ್ರಶ್ನೆ ಸಂಬಳದ್ದಲ್ಲ. "ನಿನ್ನ ಅಡುಗೆಮನೆ ಯಾರಿಗೆ ಊಟ ಹಾಕುತ್ತದೆ?" ಎಂದು ಕೇಳಿದರು. ಹುಡುಗನಿಗೆ ಅದು ಗೊತ್ತಿರಲಿಲ್ಲ. ಕಂಪನಿಯ ಮಾಲೀಕರು ಯಾವ ದೇಶದವರು, ಕ್ಯಾಂಪಿನಲ್ಲಿ ಇರುವವರು ತೈಲಬಾವಿಯ ಕೆಲಸಗಾರರೋ ಅಥವಾ ಯಾವುದೋ ದೇಶದ ಸೈನಿಕರೋ, ತರಕಾರಿ ಮಾಂಸ ಬರುವ ಲಾರಿಗಳು ಯಾವ ದಾರಿಯಲ್ಲಿ ಬರುತ್ತವೆ, ಇವನೂ ಆ ಲಾರಿಗಳಲ್ಲಿ ಹೋಗಬೇಕಾಗುತ್ತದೆಯೇ ಎಂಬ ಯಾವ ಪ್ರಶ್ನೆಗೂ ಅವನ ಬಳಿ ಉತ್ತರವಿರಲಿಲ್ಲ. ನನ್ನ ಬಳಿಯೂ ಇರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಈ ಪ್ರಶ್ನೆಗಳನ್ನು ಏಕೆ ಕೇಳುತ್ತಿದ್ದೇನೆಂದು ತಿಳಿಸುವುದಕ್ಕಾಗಿ ಅವರು ಕಪಾಟಿನಿಂದ ದಪ್ಪ ರಟ್ಟಿನ ಒಂದು ಕಡತ ತೆಗೆದರು. ಈ ಕಚೇರಿಯ ನಿಜವಾದ ಆಸ್ತಿ ಅದೇ.

ಪರದೇಶದ ಯುದ್ಧಕ್ಕೆ ಸೈನ್ಯ ಕಳುಹಿಸಬೇಕೆ ಬೇಡವೇ ಎಂದು ಯೋಚಿಸುತ್ತಿರುವ ದೇಶಗಳಿಗೆ ಉಗ್ರರು ಹಾಕಿದ ಬೆದರಿಕೆಗಳ ಪತ್ರಿಕಾ ತುಣುಕುಗಳು ಆ ಕಡತದ ತುಂಬ ಇವೆ. ಇಂಗ್ಲಿಷ್, ಹಿಂದಿ, ಕನ್ನಡ, ಮಲಯಾಳಂ ಎಲ್ಲ ಭಾಷೆಯ ತುಣುಕುಗಳನ್ನೂ ದಿನಾಂಕದ ಕ್ರಮದಲ್ಲಿ ಅಂಟಿಸಿ, ಪಕ್ಕದಲ್ಲಿ ಕೈಬರಹದಲ್ಲಿ ಟಿಪ್ಪಣಿ ಬರೆದಿದ್ದಾರೆ. ಹೊರದೇಶದಲ್ಲಿ ಕೂಲಿ ಮಾಡಲು ಹೋಗುವವನಿಗೆ ಇದೆಲ್ಲ ಏಕೆ ಬೇಕೆಂದು ನನಗೂ ಮೊದಲು ಅನ್ನಿಸಿತ್ತು. ಅವರ ಉತ್ತರ ನೇರವಾಗಿತ್ತು: ಬೆದರಿಕೆಯನ್ನು ಬರೆಯುವುದು ಸರ್ಕಾರದ ಹೆಸರಿಗೆ, ಅದು ಬಂದು ತಲುಪುವುದು ಲಾರಿ ಓಡಿಸುವವನಿಗೆ. ಕಡತದ ಪುಟ ಪುಟದಲ್ಲೂ ಅದಕ್ಕೆ ಸಾಕ್ಷ್ಯವಿದೆ.

ದಕ್ಷಿಣ ಕೊರಿಯಾದ ಪುಟವನ್ನು ಅವರು ಅತ್ಯಂತ ನಿಧಾನವಾಗಿ ವಿವರಿಸಿದರು. 2004ರ ಬೇಸಿಗೆಯಲ್ಲಿ ಸೋಲ್ ಸರ್ಕಾರ ಇರಾಕಿನಲ್ಲಿ ಆಗಲೇ ಇದ್ದ ತನ್ನ ಎಂಜಿನಿಯರುಗಳು ಮತ್ತು ವೈದ್ಯರ ಜೊತೆಗೆ ಇನ್ನೂ 3,000 ಸೈನಿಕರನ್ನು ಕಳುಹಿಸಲು ತಯಾರಿ ನಡೆಸುತ್ತಿತ್ತು. ಅಮೆರಿಕದ ಸೇನೆಗೆ ಸಾಮಾನು ಒದಗಿಸುವ ಕೊರಿಯಾದ ಕಂಪನಿಯೊಂದರಲ್ಲಿ ಅನುವಾದಕನಾಗಿದ್ದ ಯುವಕನನ್ನು ಅಪಹರಿಸಿದ ಉಗ್ರರು, ಈ ಯೋಜನೆ ಕೈಬಿಡದಿದ್ದರೆ ಅವನನ್ನು ಕೊಲ್ಲುತ್ತೇವೆಂದು ಗಡುವು ಕೊಟ್ಟರು. ಯೋಜನೆ ಬದಲಾಗುವುದಿಲ್ಲವೆಂದು ಸೋಲ್ ಹೇಳಿತು. ಜೂನ್ 22ರಂದು ಆ ಯುವಕನ ಶವ ಸಿಕ್ಕಿತು, ಸೈನಿಕರು ಹೋದರು. ಅದಾದ ಮರು ತಿಂಗಳೇ ಫಿಲಿಪೈನ್ಸ್‌ನ ಲಾರಿ ಚಾಲಕನೊಬ್ಬ, ಎಂಟು ಮಕ್ಕಳ ತಂದೆ, ಅದೇ ಬಗೆಯಲ್ಲಿ ಸಿಕ್ಕಿಬಿದ್ದಾಗ ಮನಿಲಾ ಸರ್ಕಾರ ಬೇರೆಯ ತೀರ್ಮಾನ ತೆಗೆದುಕೊಂಡಿತು. ಅವಧಿ ಮುಗಿಯಲು ಕೆಲವು ವಾರಗಳಷ್ಟೇ ಉಳಿದಿದ್ದ ತನ್ನ 51 ಜನರ ಚಿಕ್ಕ ಪಡೆಯನ್ನು ಮೊದಲೇ ವಾಪಸು ಕರೆಸಿಕೊಂಡಿತು, ಚಾಲಕ ಜುಲೈ 20ರಂದು ಜೀವಂತವಾಗಿ ಬಿಡುಗಡೆಯಾದ. ಅಮೆರಿಕ, ಆಸ್ಟ್ರೇಲಿಯಾ ಮುಂತಾದ ದೇಶಗಳು ಆ ತೀರ್ಮಾನವನ್ನು ಕಟುವಾಗಿ ಟೀಕಿಸಿದವು.

ಈ ಎರಡು ಪುಟಗಳ ನಡುವೆ ಸುಬೇದಾರರಿಗೂ ನನಗೂ ಸ್ವಲ್ಪ ವಾದವೇ ನಡೆಯಿತು. ಮನಿಲಾ ಸರ್ಕಾರ ಬಗ್ಗಿದ್ದರಿಂದ ಮುಂದಿನ ಅಪಹರಣಗಳಿಗೆ ದಾರಿಯಾಯಿತು ಎಂಬುದು ಅವರ ಅಭಿಪ್ರಾಯ. ಹಾಗಿದ್ದರೂ ಇರಬಹುದು. ಆದರೆ ಲಕ್ಷಾಂತರ ಪ್ರಜೆಗಳನ್ನು ಕೊಲ್ಲಿ ದೇಶಗಳಿಗೆ ದುಡಿಯಲು ಕಳುಹಿಸಿ, ಅವರು ಕಳುಹಿಸುವ ಹಣದಿಂದ ಮನೆಮನೆಯ ಒಲೆ ಉರಿಯುವ ದೇಶವೊಂದಕ್ಕೆ ಆ ಚಾಲಕನ ಜೀವ ಎಷ್ಟು ದೊಡ್ಡದಾಗಿ ಕಂಡಿರಬೇಕೆಂಬುದನ್ನು ಮರೆಯಬಾರದು ಎಂದು ನಾನು ಹೇಳಿದೆ. ಅವರು ಒಪ್ಪಲಿಲ್ಲ, ನಾನೂ ಬಿಟ್ಟುಕೊಡಲಿಲ್ಲ. ಹುಡುಗ ಇಬ್ಬರ ಮುಖವನ್ನೂ ನೋಡುತ್ತ ಕುಳಿತಿದ್ದ. ಆಮೇಲೆ ಬಸ್ಸಿನಲ್ಲಿ ಅವನು, "ಮಾವ, ನನಗಾಗಿದ್ದರೆ ನಮ್ಮ ಸರ್ಕಾರ ಏನು ಮಾಡುತ್ತಿತ್ತು?" ಎಂದು ಕೇಳಿದಾಗ ನನ್ನ ಬಾಯಿಂದ ಉತ್ತರ ಹೊರಡಲಿಲ್ಲ.

ಆ ಪ್ರಶ್ನೆಗೆ ಕಡತದಲ್ಲಿ ಅರ್ಧ ಉತ್ತರವಿತ್ತು, ಅದು ಎರಡನೆಯ ಭೇಟಿಯಲ್ಲಿ ಸಿಕ್ಕಿತು. ಕೊಡಗಿನಲ್ಲಿ ಸೇನೆಗೆ ಮಗನನ್ನು ಕೊಡದ ಊರು ಹುಡುಕಿದರೂ ಸಿಗದು. ಫೀಲ್ಡ್ ಮಾರ್ಷಲ್ ಕಾರಿಯಪ್ಪನವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಇರಾಕ್, ಸಿರಿಯಾ, ಇರಾನ್‌ಗಳಲ್ಲಿ ಸೇವೆ ಸಲ್ಲಿಸಿದವರು. ಜನರಲ್ ತಿಮ್ಮಯ್ಯನವರು ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥರಾಗಿದ್ದಾಗಲೇ 1965ರ ಡಿಸೆಂಬರ್ 18ರಂದು ತೀರಿಕೊಂಡವರು. ಹೀಗಾಗಿ 2003ರ ಮುಂಗಾರಿನಲ್ಲಿ, ಇರಾಕಿಗೆ ಭಾರತವೂ ಒಂದು ಡಿವಿಷನ್ ಸೈನ್ಯ, ಅಂದರೆ ಸುಮಾರು 17,000 ಜನರನ್ನು ಕಳುಹಿಸಬೇಕೆಂದು ಅಮೆರಿಕ ಕೇಳಿದಾಗ, ಇಲ್ಲಿ ಅದು ದೆಹಲಿಯ ಸುದ್ದಿಯಾಗಿ ಉಳಿದಿರಲಿಲ್ಲ. ಯಾರ ಮಗನ ಪಲ್ಟನ್ ಹೋಗಬಹುದು ಎಂಬ ಮಾತು ಮಳೆಯ ನಡುವೆಯೂ ಅಂಗಡಿ ಜಗಲಿಗಳಲ್ಲಿ ನಡೆಯುತ್ತಿತ್ತು. ಅದೇ ವರ್ಷದ ಏಪ್ರಿಲ್ 8ರಂದು ಲೋಕಸಭೆ ಇರಾಕ್ ಯುದ್ಧವನ್ನು ಖಂಡಿಸಿ ನಿರ್ಣಯ ಅಂಗೀಕರಿಸಿತ್ತು. ಜುಲೈ 14ರಂದು ವಾಜಪೇಯಿಯವರ ಅಧ್ಯಕ್ಷತೆಯ ಭದ್ರತಾ ಸಂಪುಟ ಸಮಿತಿ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಸೈನ್ಯ ಕಳುಹಿಸುವುದಿಲ್ಲವೆಂದು ತೀರ್ಮಾನಿಸಿತು. ಆ ದಿನದ ಪತ್ರಿಕಾ ತುಣುಕಿನ ಪಕ್ಕ ಸುಬೇದಾರರು ಬರೆದಿರುವುದು ಒಂದೇ ಪದ: "ಕಾರಣಸಹಿತ."

ಆ ಪದದ ಬೆಲೆ ನನಗೆ ತಿಳಿದದ್ದು ಮುಂದಿನ ಪುಟಗಳನ್ನು ನೋಡಿದಾಗ. ತುರ್ಕಿಯ ಸಂಸತ್ತು 2003ರ ಅಕ್ಟೋಬರ್ 7ರಂದು ಇರಾಕಿಗೆ ಸೈನ್ಯ ಕಳುಹಿಸಲು ಸರ್ಕಾರಕ್ಕೆ ಅನುಮತಿ ಕೊಟ್ಟಿತು; ಒಂದೇ ವಾರದಲ್ಲಿ, 14ನೆಯ ತಾರೀಖಿನಂದು, ಬಾಗ್ದಾದ್‌ನಲ್ಲಿದ್ದ ತುರ್ಕಿಯ ರಾಯಭಾರ ಕಚೇರಿಯ ಹೊರಗೆ ಕಾರ್ ಬಾಂಬ್ ಸಿಡಿಯಿತು. ನವೆಂಬರ್ ಮೊದಲ ವಾರದಲ್ಲಿ ತುರ್ಕಿ ಯೋಜನೆಯನ್ನು ಕೈಬಿಟ್ಟಿತು. ಬಾಂಬಿಗೆ ಹೆದರಿ ಕೈಬಿಟ್ಟಿತೆಂದು ಹೇಳಿಬಿಡುವುದು ಸುಲಭ, ಆದರೆ ಇರಾಕಿನ ಆಡಳಿತ ಮಂಡಳಿಯವರೇ, ಅದರಲ್ಲೂ ಕುರ್ದಿ ನಾಯಕರು, ತುರ್ಕಿಯ ಸೈನ್ಯ ತಮ್ಮ ನೆಲಕ್ಕೆ ಬರುವುದು ಬೇಡವೆಂದು ಪಟ್ಟು ಹಿಡಿದಿದ್ದರು. ಬೆದರಿಕೆಯ ನಂಜು ಇರುವುದೇ ಇಲ್ಲಿ: ಅದು ಬಂದ ಮೇಲೆ ಒಂದು ದೇಶ ಸರಿಯಾದ ಕಾರಣಕ್ಕೆ ತೆಗೆದುಕೊಂಡ ತೀರ್ಮಾನವೂ ಹೆದರಿಕೆಯ ತೀರ್ಮಾನದಂತೆ ಕಾಣುತ್ತದೆ. ಸ್ಪೇನ್ ಇದಕ್ಕಿಂತ ದೊಡ್ಡ ಉದಾಹರಣೆ. 2003ರ ಅಕ್ಟೋಬರ್ 18ರಂದು ಪ್ರಸಾರವಾದ ಬಿನ್ ಲಾಡೆನ್‌ನ ಧ್ವನಿಮುದ್ರಣದಲ್ಲಿ ಬ್ರಿಟನ್, ಸ್ಪೇನ್, ಆಸ್ಟ್ರೇಲಿಯಾ, ಪೋಲೆಂಡ್, ಜಪಾನ್, ಇಟಲಿಗಳ ಹೆಸರು ಹೇಳಿ ಎಚ್ಚರಿಕೆ ಕೊಡಲಾಗಿತ್ತು. ಮುಂದಿನ ವರ್ಷ ಮಾರ್ಚ್ 11ರ ಬೆಳಗ್ಗೆ ಮ್ಯಾಡ್ರಿಡ್‌ನ ಲೋಕಲ್ ರೈಲುಗಳಲ್ಲಿ ಬಾಂಬುಗಳು ಸಿಡಿದು 191 ಜನ ಸತ್ತರು. ಮೂರು ದಿನಗಳ ನಂತರ ನಡೆದ ಚುನಾವಣೆಯಲ್ಲಿ ಗೆದ್ದ ಸಪಟೆರೊ ಇರಾಕಿನಲ್ಲಿದ್ದ ತಮ್ಮ 1,300 ಸೈನಿಕರನ್ನು ವಾಪಸು ಕರೆಸಿದರು. ಸೈನ್ಯ ವಾಪಸಾತಿ ಅವರ ಪಕ್ಷ ಬಾಂಬುಗಳಿಗೂ ಮೊದಲೇ ಕೊಟ್ಟಿದ್ದ ಮಾತು. ಅದನ್ನು ಎಷ್ಟು ಜನ ನೆನಪಿಟ್ಟುಕೊಂಡಿದ್ದಾರೆ?

ಭಾರತ ಜುಲೈ 14ರಂದು ತನ್ನ ಕಾರಣವನ್ನು ಜಗತ್ತಿನ ಮುಂದೆ ಸ್ಪಷ್ಟವಾಗಿ ಹೇಳಿತ್ತು. ಇರಾಕಿನಲ್ಲಿ ಅಪಹರಣಗಳ ಸರಣಿ ಆರಂಭವಾದದ್ದು ಅದರ ಮರುವರ್ಷ. ಆದ್ದರಿಂದ ಆ ತೀರ್ಮಾನಕ್ಕೆ ಯಾರ ಬೆದರಿಕೆಯ ಮಸಿಯೂ ತಾಗಲಿಲ್ಲ. ಸೈನ್ಯ ಕಳುಹಿಸುವುದೋ ಬಿಡುವುದೋ, ಯಾವುದೇ ಆದರೂ ಬೆದರಿಕೆ ಬರುವ ಮೊದಲೇ ತನ್ನದೇ ಕಾರಣಗಳಿಂದ ತೀರ್ಮಾನಿಸಿ ಅದನ್ನು ಬಹಿರಂಗವಾಗಿ ಹೇಳಿದ ದೇಶ ತನ್ನ ಪ್ರಜೆಗಳನ್ನು ಒಂದಿಷ್ಟಾದರೂ ಕಾಪಾಡಿದಂತೆ ಎಂಬ ಸುಬೇದಾರರ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ.

ಒಂದಿಷ್ಟಾದರೂ ಎಂದೆ, ಪೂರ್ತಿಯಾಗಿ ಎನ್ನಲಿಲ್ಲ. ಅವರ ಸೇವೆಯಲ್ಲಿ ನಾನು ಅತ್ಯಂತ ಮೆಚ್ಚಿದ ಭಾಗ ಇದು. ಭಾರತದ ಸೈನ್ಯ ಇರಾಕಿನಲ್ಲಿ ಇರಲಿಲ್ಲ, ಆದ್ದರಿಂದ ಭಾರತೀಯನಿಗೆ ಭಯವಿಲ್ಲ ಎಂಬ ಸುಳ್ಳು ಸಮಾಧಾನವನ್ನು ಅವರು ಕೊಡಲಿಲ್ಲ. 2004ರ ಜುಲೈನಲ್ಲಿ ಕುವೈತಿನ ಸಾಗಣೆ ಕಂಪನಿಯೊಂದರ ಏಳು ಲಾರಿ ಚಾಲಕರನ್ನು ಅಪಹರಿಸಲಾಯಿತು. ಅವರಲ್ಲಿ ಮೂವರು ಭಾರತೀಯರು, ಮೂವರು ಕೀನ್ಯಾದವರು, ಒಬ್ಬ ಈಜಿಪ್ಟಿನವನು. ಅಪಹರಣಕಾರರ ಕಣ್ಣು ಇದ್ದದ್ದು ಆ ಚಾಲಕರ ಕಂಪನಿಯ ಮೇಲೆ. ಅದು ಇರಾಕಿನಿಂದ ಹೊರಡಬೇಕೆಂಬುದು ಅವರ ಬೇಡಿಕೆಯಾಗಿತ್ತು. ಆರು ವಾರಗಳ ಮಾತುಕತೆಯ ನಂತರ ಸೆಪ್ಟೆಂಬರ್ 1ರಂದು ಏಳೂ ಜನ ಬಿಡುಗಡೆಯಾದರು. ಅದರ ಹಿಂದಿನ ದಿನವಷ್ಟೇ ನೇಪಾಳದ ಹನ್ನೆರಡು ಕೂಲಿಕಾರರನ್ನು ಕೊಂದ ಸುದ್ದಿ ಹೊರಬಿದ್ದಿತ್ತು. ನೇಪಾಳದ ಒಬ್ಬ ಸೈನಿಕನೂ ಇರಾಕಿನಲ್ಲಿ ಇರಲಿಲ್ಲ. ಆ ಹುಡುಗರಿಗೆ ಜೋರ್ಡಾನಿನಲ್ಲಿ ಕೆಲಸವೆಂದು ಹೇಳಿ ಕರೆದೊಯ್ದು, ಅಲ್ಲಿಂದ ಇರಾಕಿಗೆ ಸಾಗಿಸಲಾಗಿತ್ತು. ಅಮೆರಿಕದವರಿಗೆ ಕೆಲಸ ಮಾಡಲು ಬಂದವರು ಎಂಬುದಷ್ಟೇ ಅವರ ಮೇಲಿನ ಆರೋಪ. ಕಠ್ಮಂಡುವಿನಲ್ಲಿ ಜನ ರೊಚ್ಚಿಗೆದ್ದು ಕೆಲಸಕ್ಕೆ ಕಳುಹಿಸುವ ಏಜೆನ್ಸಿಗಳ ಕಚೇರಿಗಳಿಗೆ ನುಗ್ಗಿದರು. ಮೊಸೂಲ್‌ನಲ್ಲಿ 2014ರಲ್ಲಿ ಅಪಹರಣಕ್ಕೆ ಒಳಗಾದ ನಮ್ಮ 39 ಕಾರ್ಮಿಕರ ಸಾವು ಅಧಿಕೃತವಾಗಿ ತಿಳಿದದ್ದು 2018ರಲ್ಲಿ. ಅಲ್ಲಂತೂ ಸೈನ್ಯದ ಪ್ರಶ್ನೆಯೇ ಇರಲಿಲ್ಲ. ಬೆದರಿಕೆಯ ಮಾತು ಸೈನ್ಯದ್ದಾಗಿದ್ದರೂ ಅದಕ್ಕೆ ಸಿಗುವವನು ಯಾರ ಸಾಮಾನು ಹೊರುತ್ತಾನೆ, ಯಾವ ರಸ್ತೆಯಲ್ಲಿ ಸಿಗುತ್ತಾನೆ ಎಂಬುದೇ ಕೊನೆಗೆ ಲೆಕ್ಕಕ್ಕೆ ಬರುತ್ತದೆ.

ಈಗ ಕರಾರು ಪತ್ರದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಾವು ಕೊಟ್ಟ ಆರುನೂರು ರೂಪಾಯಿ ಅದೊಂದರಲ್ಲೇ ಸಾರ್ಥಕವಾಯಿತು. ಬೇರೆ ಊರಿನ ಏಜೆಂಟರೊಬ್ಬರು ಹುಡುಗನಿಗೆ ಕೊಟ್ಟಿದ್ದ ಕರಾರಿನಲ್ಲಿ ಕೆಲಸದ ಸ್ಥಳ "ಬಸ್ರಾ ಅಥವಾ ಕಂಪನಿ ಸೂಚಿಸುವ ಇತರ ಯಾವುದೇ ಸ್ಥಳ" ಎಂದಿತ್ತು. ನಾನು ಅದನ್ನು ಎರಡು ಸಲ ಓದಿದ್ದೆ, ಏನೂ ಅನ್ನಿಸಿರಲಿಲ್ಲ. ಸುಬೇದಾರರು ಕೆಂಪು ಪೆನ್ಸಿಲಿನಿಂದ "ಅಥವಾ" ಎಂಬ ಪದಕ್ಕೆ ಗೆರೆ ಎಳೆದು, ನೇಪಾಳದ ಪುಟವನ್ನು ಮತ್ತೆ ತೆರೆದು ನಮ್ಮ ಮುಂದಿಟ್ಟರು. ಬೇರೇನೂ ಹೇಳಲಿಲ್ಲ. ಅಕ್ಕ ಆ ದಿನ ನಮ್ಮ ಜೊತೆ ಬಂದಿದ್ದಳು. ಆ ತುಣುಕಿನಲ್ಲಿದ್ದ ಸಾಲು ಸಾಲು ಮುಖಗಳನ್ನು ನೋಡಿ ಅವಳು ಸೆರಗು ಬಾಯಿಗೆ ಹಚ್ಚಿದ್ದು ಈಗಲೂ ನನ್ನ ಕಣ್ಣಿಗೆ ಕಟ್ಟಿದೆ.

ಎರಡು ಪತ್ರಗಳನ್ನು ಹೇಗೆ ಬರೆಯಬೇಕೆಂದು ಅವರು ಹೇಳಿಕೊಟ್ಟರು, ಇಂಗ್ಲಿಷಿನಲ್ಲಿ ಬರೆದದ್ದು ನಾನು. ಕೆಲಸದ ಸ್ಥಳವನ್ನು ಒಂದೇ ಕ್ಯಾಂಪಿಗೆ ಸೀಮಿತಗೊಳಿಸಬೇಕು, ಬೇರೆಡೆಗೆ ಕಳುಹಿಸುವುದಾದರೆ ನೌಕರನ ಲಿಖಿತ ಒಪ್ಪಿಗೆ ಬೇಕು, ಒಪ್ಪದಿದ್ದರೆ ವಾಪಸು ಬರುವ ಟಿಕೆಟ್ ಕಂಪನಿಯದು, ಕ್ಯಾಂಪಿನ ಗ್ರಾಹಕರು ಯಾರೆಂಬುದನ್ನು ಬರವಣಿಗೆಯಲ್ಲಿ ತಿಳಿಸಬೇಕು ಎಂಬ ನಾಲ್ಕು ಬೇಡಿಕೆಗಳನ್ನು ಮೊದಲ ಪತ್ರದಲ್ಲಿ ಇಟ್ಟೆವು. ಇಷ್ಟು ಕೇಳಿದರೆ ಕೆಲಸವೇ ಕೈತಪ್ಪೀತೆಂದು ಹುಡುಗ ಹೆದರಿದ್ದ. ಹನ್ನೆರಡು ದಿನಗಳಲ್ಲಿ ತಿದ್ದಿದ ಕರಾರು ಬಂತು. ಸ್ಥಳ ಬಸ್ರಾದ ಒಂದು ಕ್ಯಾಂಪು ಮಾತ್ರ, ಊಟ ಮಾಡುವವರು ತೈಲಬಾವಿಯ ಕೆಲಸಗಾರರು, ಸಾಮಾನು ತರುವ ಲಾರಿಗಳೊಂದಿಗೆ ಅಡುಗೆಯವರು ಹೋಗಬೇಕಾಗಿಲ್ಲ ಎಂದು ಬರೆದಿತ್ತು. ಮೂರನೆಯ ಬೇಡಿಕೆಗೆ ಮಾತ್ರ ಅವರು ಒಪ್ಪಲಿಲ್ಲ. ಅರ್ಧ ಟಿಕೆಟ್ ಹಣ ಕೊಡುತ್ತೇವೆಂದರು.

ವಿಮೆಯ ವಿಷಯವನ್ನು ಹೆಚ್ಚಿನವರು ಕೊನೆಯ ಗಳಿಗೆಗೆ ಬಿಡುತ್ತಾರೆ. ಹತ್ತನೆಯ ತರಗತಿ ಪಾಸಾಗದವರು ಇರಾಕಿನಂಥ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆ ಅನುಮತಿ ಪಡೆಯಬೇಕು, ಅದರ ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಅವರಿಗೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಮತ್ತು ತೆರಿಗೆ ಕಟ್ಟಿದರೆ ಅಪಘಾತದ ಸಾವು ಅಥವಾ ಶಾಶ್ವತ ಅಂಗವಿಕಲತೆಗೆ 10 ಲಕ್ಷ ರೂಪಾಯಿ ಸಿಗುವ ಯೋಜನೆ ಅದು. ನಮ್ಮ ಹುಡುಗ ಡಿಪ್ಲೊಮಾ ಓದಿದವನಾದ್ದರಿಂದ ಅನುಮತಿಯ ಅಗತ್ಯವೇ ಇಲ್ಲ, ಹಾಗಾಗಿ ಯಾರೂ ಅವನಿಗೆ ವಿಮೆಯ ಮಾತೆತ್ತಿರಲಿಲ್ಲ. ಹೆಚ್ಚು ಓದಿದವನೇ ರಕ್ಷಣೆಯಿಲ್ಲದೆ ಹೊರಡುವಂತಾಗುತ್ತದೆ. ಅವನು ತಾನಾಗಿ ಕೊಂಡಿದ್ದ ಖಾಸಗಿ ಪಾಲಿಸಿಯ ಹದಿನೆಂಟನೆಯ ಪುಟದಲ್ಲಿ, ಪರಿಹಾರ ಸಿಗದ ಸಂದರ್ಭಗಳ ಪಟ್ಟಿಯಲ್ಲಿ, ಯುದ್ಧ, ಆಕ್ರಮಣ, ವಿದೇಶಿ ಶತ್ರುವಿನ ಕೃತ್ಯ, ಅಂತರ್ಯುದ್ಧ, ದಂಗೆ ಎಂದು ಮೊದಲಾಗಿ ಸಾಲಾಗಿ ಬರೆದಿತ್ತು. ಭಯೋತ್ಪಾದಕ ಕೃತ್ಯ ಆ ಪಟ್ಟಿಯಲ್ಲಿ ಸೇರಿದೆಯೇ, ಇಲ್ಲವೇ, ಸೇರಿದ್ದರೆ ಹೆಚ್ಚಿನ ಹಣ ಕಟ್ಟಿ ಅದನ್ನು ಹೊರತೆಗೆಸಬಹುದೇ ಎಂಬುದು ಪಾಲಿಸಿಯಿಂದ ಪಾಲಿಸಿಗೆ ಬೇರೆಯಾಗುತ್ತದೆಂದು ಸುಬೇದಾರರು ವಿವರಿಸಿದರು. ಬಾಂಬು ಸಿಡಿದ ಮೇಲೆ ಅದು ಯುದ್ಧವೋ ಭಯೋತ್ಪಾದನೆಯೋ ಎಂಬ ವಾದ ಎದ್ದರೆ ಅದಕ್ಕೆ ಉತ್ತರ ಹುಡುಕುತ್ತ ಅಲೆಯಬೇಕಾದವರು ಸತ್ತವನ ಮನೆಯವರು. ವಿಮಾ ಕಂಪನಿಗೆ ಬರೆದ ಎರಡನೆಯ ಪತ್ರದಲ್ಲಿ ನಾವು ಕೇಳಿದ್ದು ಇದೊಂದನ್ನೇ. ಉತ್ತರ ಲಿಖಿತವಾಗಿ ಬಂತು: ಭಯೋತ್ಪಾದಕ ಕೃತ್ಯದಿಂದಾದ ಸಾವಿಗೆ ಪರಿಹಾರವಿದೆ, ಯುದ್ಧಕ್ಕಿಲ್ಲ. ಆ ಪತ್ರದ ಮೂಲ ಅಕ್ಕನ ಕಬ್ಬಿಣದ ಪೆಟ್ಟಿಗೆಯಲ್ಲಿದೆ, ನಕಲು ನನ್ನಲ್ಲಿದೆ.

ಮೂರನೆಯ ಭೇಟಿಯಲ್ಲಿ ಅವರು ಹುಡುಗನೊಬ್ಬನನ್ನೇ ಕೂರಿಸಿಕೊಂಡು ಒಂದು ಗಂಟೆ ಮಾತಾಡಿದರು, ನಾನು ಹೊರಗಿನ ಬೆಂಚಿನಲ್ಲಿ ಕುಳಿತು ಕೇಳಿಸಿಕೊಂಡದ್ದು ಅಷ್ಟಿಷ್ಟು. ಸೊಮಾಲಿಯಾದ ತಮ್ಮ ದಿನಗಳಿಂದ ಆರಂಭಿಸಿ ಉಗಾಂಡಾದ ರಾಜಧಾನಿ ಕಂಪಾಲಾಕ್ಕೆ ಬಂದರು. ಸೊಮಾಲಿಯಾದಲ್ಲಿದ್ದ ಆಫ್ರಿಕನ್ ಒಕ್ಕೂಟದ ಪಡೆಗೆ ಉಗಾಂಡಾ ಮತ್ತು ಬುರುಂಡಿಯ ಸೈನಿಕರೇ ಆಧಾರವಾಗಿದ್ದ ಕಾಲದಲ್ಲಿ ಅಲ್ಲಿನ ಉಗ್ರ ಸಂಘಟನೆ ಅಲ್ ಶಬಾಬ್ ಆ ಎರಡೂ ದೇಶಗಳಿಗೆ ಬಹಿರಂಗ ಬೆದರಿಕೆ ಹಾಕಿತ್ತು. 2010ರ ಜುಲೈ 11ರ ರಾತ್ರಿ ಕಂಪಾಲಾದ ಒಂದು ರೆಸ್ಟೊರೆಂಟಿನಲ್ಲಿ ಮತ್ತು ರಗ್ಬಿ ಕ್ಲಬ್ಬಿನ ಮೈದಾನದಲ್ಲಿ ವಿಶ್ವಕಪ್ ಫುಟ್‌ಬಾಲ್ ಫೈನಲ್ ನೋಡುತ್ತ ಕುಳಿತಿದ್ದ 74 ಜನ ಬಾಂಬಿಗೆ ಬಲಿಯಾದರು. ಅದೇ ತಿಂಗಳು ಅದೇ ನಗರದಲ್ಲಿ ಆಫ್ರಿಕನ್ ಒಕ್ಕೂಟದ ಶೃಂಗಸಭೆ ನಡೆಯುವುದಿತ್ತು; ಸಭೆ ನಡೆಯಿತು, ಪಡೆಯನ್ನು ಹಿಂತೆಗೆಯುವ ಬದಲು ಹೆಚ್ಚಿಸುವ ತೀರ್ಮಾನವಾಯಿತು. ದೊಡ್ಡ ಪಂದ್ಯದ ದಿನ, ಹಬ್ಬದ ದಿನ, ವಿದೇಶಿಯರು ಸೇರುವ ಹೋಟೆಲು, ರಾಯಭಾರ ಕಚೇರಿಯ ಮುಂದಿನ ಸರತಿ, ಇವುಗಳ ಬಗ್ಗೆ ಎಚ್ಚರವಾಗಿರಬೇಕೆಂದು ಹುಡುಗನಿಗೆ ಹೇಳುತ್ತಿದ್ದರು. ಬಾಗ್ದಾದ್‌ನ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸುವುದು, ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ದೂರು ಕೊಡುವ ಬಗೆ, ಪಾಸ್‌ಪೋರ್ಟನ್ನು ಕಂಪನಿಯವರ ಕೈಗೆ ಕೊಟ್ಟುಬಿಡಬಾರದೆಂಬ ಮಾತು, ಇವೂ ಬಂದವು.

ಕಡತದಲ್ಲಿ ನನಗೆ ಅತೃಪ್ತಿಯಾದ ಸಂಗತಿಗಳೂ ಇವೆ. ಜಪಾನಿನ ಪುಟ ತೀರ ತೆಳ್ಳಗಿದೆ. 2003ರ ನವೆಂಬರಿನಲ್ಲಿ, ಸೈನ್ಯ ಕಳುಹಿಸಿದರೆ ಟೋಕಿಯೊದ ನಡುಭಾಗಕ್ಕೇ ಹೊಡೆಯುತ್ತೇವೆಂಬ ಬೆದರಿಕೆ ಬಂದದ್ದು, ಅದೇ ತಿಂಗಳ 29ರಂದು ತಿಕ್ರಿತ್ ಬಳಿ ಜಪಾನಿನ ಇಬ್ಬರು ರಾಜತಾಂತ್ರಿಕರು ಕೊಲೆಯಾದದ್ದು, ಇಷ್ಟು ಮಾತ್ರ ಅಲ್ಲಿದೆ. 2004ರ ಏಪ್ರಿಲ್‌ನಲ್ಲಿ ಒತ್ತೆಯಾಳಾಗಿದ್ದು ಬದುಕಿ ಬಂದ ಮೂವರು ಜಪಾನೀಯರನ್ನು ಸ್ವದೇಶದಲ್ಲಿ ಜನ ಹೇಗೆ ಹೀಯಾಳಿಸಿದರು, ಅಪಾಯ ಗೊತ್ತಿದ್ದೂ ಹೋದ ನಿಮ್ಮ ಹೊಣೆ ನಿಮ್ಮದೇ ಎಂದು ಹೇಗೆ ದೂರಿದರು, ಅವರನ್ನು ಕರೆತಂದ ಖರ್ಚಿನ ಒಂದು ಭಾಗವನ್ನು ಸರ್ಕಾರ ಅವರಿಂದಲೇ ಹೇಗೆ ಕೇಳಿತು ಎಂಬುದು ಆ ಪುಟದಲ್ಲಿ ಇರಲೇಬೇಕಿತ್ತು. ಹೊರಡುವ ಹುಡುಗನಿಗಿಂತ ಅವನ ಊರಿನವರಿಗೆ ಅದು ಹೆಚ್ಚು ಅಗತ್ಯ. ನಾನು ಇದನ್ನು ಹೇಳಿದಾಗ ಸುಬೇದಾರರು, "ಮೇಷ್ಟ್ರೇ, ನೀವೇ ಬರೆದುಕೊಡಿ, ಅಂಟಿಸುತ್ತೇನೆ," ಎಂದರು. ಬರೆದುಕೊಟ್ಟಿದ್ದೇನೆ.

ಶ್ರೀಲಂಕಾದ ವಿಷಯದಲ್ಲಿ ಮಾತ್ರ ಅವರು ಬಾಯಿ ಬಿಡುವುದಿಲ್ಲ. ಕಡತದ ಮೊದಲ ಪುಟವೇ 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ನಡೆದ ರಾಜೀವ್ ಗಾಂಧಿಯವರ ಕೊಲೆಯದು. ಶಾಂತಿಪಾಲನಾ ಪಡೆಯ ಕೊನೆಯ ತುಕಡಿ 1990ರ ಮಾರ್ಚ್‌ನಲ್ಲಿ ಲಂಕೆಯಿಂದ ವಾಪಸಾಗಿತ್ತು. ರಾಜೀವ್ ಗಾಂಧಿಯವರು ಮತ್ತೆ ಅಧಿಕಾರಕ್ಕೆ ಬಂದರೆ ಆ ಪಡೆಯೂ ಮತ್ತೆ ಬಂದೀತೆಂಬ ಎಲ್‌ಟಿಟಿಇ ಉಗ್ರರ ಆತಂಕವೇ ಕೊಲೆಯ ಹಿಂದಿನ ಪ್ರೇರಣೆಯಾಗಿತ್ತೆಂದು ನ್ಯಾಯಾಲಯದಲ್ಲಿ ಚರ್ಚೆಯಾಯಿತು. ಅಂದರೆ ಸೈನ್ಯ ಕಳುಹಿಸಬಹುದು ಎಂಬ ಬರೀ ಸಾಧ್ಯತೆಗೆ ಉಗ್ರರು ಕೊಟ್ಟ ಉತ್ತರವನ್ನು ನಾವು ನಮ್ಮ ನೆಲದಲ್ಲೇ, ಬಾಗ್ದಾದ್ ಮತ್ತು ಮ್ಯಾಡ್ರಿಡ್‌ಗಳಿಗೆ ಹನ್ನೆರಡು ಹದಿಮೂರು ವರ್ಷ ಮೊದಲೇ ಕಂಡಿದ್ದೆವು. ಆ ಪುಟವನ್ನು ತೆರೆದು ನಮ್ಮ ಮುಂದಿಟ್ಟು ಅವರು ಕಿಟಕಿಯ ಕಡೆ ತಿರುಗಿದರು. ಜಾಫ್ನಾದಲ್ಲಿ ಅವರ ಜೊತೆಗಿದ್ದು ವಾಪಸು ಬಾರದವರ ಬಗ್ಗೆ ಕೇಳುವ ಧೈರ್ಯ ನನಗೆ ಆಗಲಿಲ್ಲ, ಕೇಳುವುದು ಸರಿಯೂ ಅಲ್ಲ.

ಉಳಿದ ಕೊರತೆಗಳು ಸಣ್ಣವು. ಕಚೇರಿ ತೆರೆದಿರುವುದು ವಾರಕ್ಕೆ ಎರಡು ಮಧ್ಯಾಹ್ನ ಮಾತ್ರ, ದೂರದ ವಿರಾಜಪೇಟೆ, ಕುಟ್ಟದ ಕಡೆಯವರಿಗೆ ಹೋಗಿ ಬರಲು ಒಂದು ದಿನವೇ ಬೇಕು. ಮೆಟ್ಟಿಲು ಕಡಿದಾಗಿದೆ, ವಯಸ್ಸಾದ ತಂದೆತಾಯಿಗಳಿಗೆ ಕಷ್ಟ. ಕಡತದ ನಕಲು ಪ್ರತಿಗಳು ಮಾಸಿವೆ, ಕೆಲವು ತುಣುಕುಗಳಲ್ಲಿ ಅಕ್ಷರವೇ ಕಾಣುವುದಿಲ್ಲ. ಅಫ್ಘಾನಿಸ್ತಾನದ ಬಗ್ಗೆ ಬೇರೆ ಕಡತ ಬೇಕು. ಅಲ್ಲಿ ರಸ್ತೆ ಕಟ್ಟಲು ಹೋದ ನಮ್ಮವರೂ ಸತ್ತಿದ್ದಾರೆ. ದೂರವಾಣಿಯಲ್ಲಿ ಅವರು ಸಲಹೆ ಕೊಡುವುದಿಲ್ಲ, ಕಾಗದವನ್ನು ಕಣ್ಣಾರೆ ನೋಡದೆ ಮಾತಾಡುವುದಿಲ್ಲವೆಂಬ ಅವರ ನಿಯಮ ಸರಿಯಾದದ್ದೇ, ಆದರೂ ತುರ್ತಿನಲ್ಲಿರುವವರಿಗೆ ಬೇರೆ ದಾರಿ ಇರಬೇಕಿತ್ತು. ಹೋಗುವವರು ಕರಾರು ಪತ್ರ, ಪಾಲಿಸಿಯ ಪೂರ್ಣ ಪ್ರತಿ (ಮೊದಲ ಪುಟ ಮಾತ್ರ ಸಾಲದು), ಪಾಸ್‌ಪೋರ್ಟಿನ ನಕಲು ತೆಗೆದುಕೊಂಡು ಹೋಗಬೇಕು. ಮನೆಯ ಒಬ್ಬ ಹಿರಿಯರಾದರೂ ಜೊತೆಗಿರಬೇಕೆಂಬುದು ಅವರ ಒತ್ತಾಯ.

ಹುಡುಗ ಮೃಗಶಿರ ಮಳೆ ಹಿಡಿಯುವ ಮೊದಲೇ ಹೊರಟ. ಸುಬೇದಾರರ ಬಳಿ ಒಂದು ಉದ್ದನೆಯ ರಿಜಿಸ್ಟರ್ ಇದೆ. ಅವರ ಸಲಹೆ ಪಡೆದು ಹೋದ ಪ್ರತಿಯೊಬ್ಬರ ಕ್ಯಾಂಪಿನ ವಿಳಾಸ, ಕಂಪನಿಯ ಗ್ರಾಹಕರ ಹೆಸರು, ಮನೆಯವರ ದೂರವಾಣಿ ಸಂಖ್ಯೆ ಅದರಲ್ಲಿವೆ. ಆ ದೇಶದ ಪರಿಸ್ಥಿತಿ ಬದಲಾದರೆ, ಯಾವುದೇ ಸರ್ಕಾರ ಅಲ್ಲಿಗೆ ಹೊಸದಾಗಿ ಸೈನ್ಯ ಕಳುಹಿಸುವ ಮಾತಾಡಿದರೆ, ಅವರೇ ಮನೆಗೆ ಕರೆಮಾಡಿ ತಿಳಿಸುತ್ತಾರೆ. ಅದಕ್ಕೆ ಬೇರೆ ಶುಲ್ಕವಿಲ್ಲ. ಹುಡುಗನನ್ನು ಅದೇ ಕ್ಯಾಂಪಿನ ಇನ್ನೊಂದು ಸಾಲಿನ ಕೋಣೆಗೆ ವರ್ಗಾಯಿಸಿದ್ದಾರೆಂದು ಕಳೆದ ಶುಕ್ರವಾರ ತಿಳಿಯಿತು. ಮರುವಾರ ಕಚೇರಿ ತೆರೆದ ಮಧ್ಯಾಹ್ನ ಅಕ್ಕನೇ ಒಬ್ಬಳೇ ಬಸ್ಸು ಹಿಡಿದು ಹೋಗಿ, ಹೊಸ ಕೋಣೆಯ ಸಂಖ್ಯೆಯನ್ನು ರಿಜಿಸ್ಟರಿನಲ್ಲಿ ಬರೆಸಿ ಬಂದಳು.